ಹಳೇ ಮಾರುತಿ 800 ಐಡ್ಲಿಂಗಲ್ಲಿ ನಿಲ್ತಾ ಇಲ್ವಾ? ಎಲ್ಲಿಂದ ಏರ್ ಎಳೀತಿದೆ ಅಂತ ಹುಡುಕುವ ಕ್ರಮ

ಸಿಗ್ನಲ್‌ನಲ್ಲಿ ಗಾಡಿ ನಿಂತ ಕೂಡಲೇ ಇಂಜಿನ್ ಏರುತ್ತದೆ, ಇಳಿಯುತ್ತದೆ, ಕಾಲು ತೆಗೆದರೆ ಆಫ್. ಒಂದು ಕಾಲು ಬ್ರೇಕ್ ಮೇಲೆ, ಅದೇ ಕಾಲಿನ ಹಿಮ್ಮಡಿ ಆಕ್ಸಿಲರೇಟರ್ ಮೇಲೆ. ಓಡುವಾಗ ಮಾತ್ರ ಏನೂ ತೊಂದರೆ ಇಲ್ಲ. ಕಾರ್ಬೊರೇಟರ್ (ಗಾಳಿ, ಪೆಟ್ರೋಲ್ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ಇರುವ ಹಳೇ ಮಾರುತಿ 800 ಇಟ್ಟುಕೊಂಡವರಿಗೆ ಈ ಕಾಟ ಚೆನ್ನಾಗಿ ಗೊತ್ತು. ನಮ್ಮ ಮನೆಯ 1996ರ ಗಾಡಿಗೆ ಇದು ಏಳು ತಿಂಗಳು ಇತ್ತು. ಅಷ್ಟರಲ್ಲಿ ಪ್ಲಗ್ ಬದಲಾಯಿಸಿದ್ದಾಯಿತು, ಪಾಯಿಂಟ್ ಕಂಡೆನ್ಸರ್ ಬದಲಾಯಿಸಿದ್ದಾಯಿತು, ಕಾರ್ಬೊರೇಟರ್ ಎರಡು ಸಲ ಬಿಚ್ಚಿ ಕಿಟ್ ಹಾಕಿಸಿದ್ದಾಯಿತು. ಪ್ರತಿ ಸಲ ಗ್ಯಾರೇಜ್‌ನಿಂದ ಹೊರಡುವಾಗ ಸರಿ ಇರುತ್ತಿತ್ತು, ಯಾಕಂದ್ರೆ ಐಡ್ಲಿಂಗ್ ಸ್ಕ್ರೂ ಇನ್ನೊಂದು ಸುತ್ತು ಏರಿಸಿ ಕೊಡುತ್ತಿದ್ದರು. ಒಂದು ವಾರಕ್ಕೆ ಮತ್ತೆ ಅದೇ ಕಥೆ. ಕೊನೆಗೆ ತೊಂದರೆ ಸಿಕ್ಕಿದ್ದು ಕಾರ್ಬೊರೇಟರ್ ಅಡಿಯ ಪ್ಯಾಕಿಂಗ್‌ನಲ್ಲಿ. ಹುಡುಕಿ ಕೊಟ್ಟದ್ದು ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ.

ಹಾಗಾಗಿ ಮೊದಲೇ ಒಂದು ಮಾತು. ಏರ್ ಎಲ್ಲಿಂದ ಎಳೆಯುತ್ತಿದೆ ಅಂತ ಗೊತ್ತಾಗುವ ತನಕ ಕಾರ್ಬೊರೇಟರ್‌ನ ಯಾವ ಸ್ಕ್ರೂವನ್ನೂ ತಿರುಗಿಸಬೇಡಿ. ತಿರುಗಿಸಿದರೆ ಲೀಕ್ ಮುಚ್ಚಿಹೋಗುವುದಿಲ್ಲ, ಅದರ ಗುರುತು ಮಾತ್ರ ಮುಚ್ಚಿಹೋಗುತ್ತದೆ.

ನಾನು ಇಲ್ಲಿ 800 ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಂದರೆ 796 ಸಿಸಿ, ಮೂರು ಸಿಲಿಂಡರ್, ಕಾರ್ಬೊರೇಟರ್ ಗಾಡಿ. ಓಮ್ನಿ, ಪದ್ಮಿನಿ, ಅಂಬಾಸಿಡರ್ ಇದ್ದರೂ ಹುಡುಕುವ ಕ್ರಮ ಇದೇ, ಪೈಪ್‌ಗಳು ಇರುವ ಜಾಗ ಮಾತ್ರ ಬೇರೆ.

ಒಳಗೆ ಆಗುವುದೇನು

ಇಂಜಿನ್ ಅಂದರೆ ಗಾಳಿ ಎಳೆಯುವ ಪಂಪ್ ಇದ್ದ ಹಾಗೆ. ಐಡ್ಲಿಂಗ್‌ನಲ್ಲಿ ಥ್ರಾಟಲ್ ತಟ್ಟೆ ಹೆಚ್ಚುಕಡಿಮೆ ಪೂರ್ತಿ ಮುಚ್ಚಿರುತ್ತದೆ, ಕೆಳಗೆ ಪಿಸ್ಟನ್‌ಗಳು ಎಳೆಯುತ್ತಲೇ ಇರುತ್ತವೆ, ಹಾಗಾಗಿ ಮ್ಯಾನಿಫೋಲ್ಡ್ (ಕಾರ್ಬೊರೇಟರ್‌ನಿಂದ ಸಿಲಿಂಡರ್‌ಗಳಿಗೆ ಮಿಶ್ರಣ ಒಯ್ಯುವ ಕೊಳವೆ) ಒಳಗೆ ಜೋರು ವ್ಯಾಕ್ಯೂಮ್ ಹುಟ್ಟುತ್ತದೆ. ಎಲ್ಲಾದರೂ ಒಂದು ಸಂದಿ ಸಿಕ್ಕರೆ ಹೊರಗಿನ ಗಾಳಿ ಅಲ್ಲಿಂದ ನುಗ್ಗುತ್ತದೆ. ಈ ಗಾಳಿ ಕಾರ್ಬೊರೇಟರ್ ದಾಟಿ ಬಂದದ್ದಲ್ಲ. ಜೊತೆಗೆ ಪೆಟ್ರೋಲ್ ತರುವುದಿಲ್ಲ. ಒಂದು ಪಾಲು ಪೆಟ್ರೋಲ್‌ಗೆ ತೂಕದಲ್ಲಿ 14.7 ಪಾಲು ಗಾಳಿ ಅನ್ನುವುದು ಸರಿಯಾದ ಲೆಕ್ಕ. ಗಾಳಿ ಅದಕ್ಕಿಂತ ಜಾಸ್ತಿ ಆದರೆ ಮಿಶ್ರಣ ತೆಳುವಾಗಿ, ಒಂದೊಂದು ಸಲ ಹೊತ್ತಿಕೊಳ್ಳುವುದೇ ಇಲ್ಲ. ಅದೇ ನಮಗೆ ಕೇಳಿಸುವ ಮಿಸ್ಸಿಂಗ್.

ಆಕ್ಸಿಲರೇಟರ್ ಒತ್ತಿದಾಗ ಥ್ರಾಟಲ್ ತೆರೆಯುತ್ತದೆ, ವ್ಯಾಕ್ಯೂಮ್ ಇಳಿಯುತ್ತದೆ, ಗಾಳಿ ಪೆಟ್ರೋಲ್ ಎರಡೂ ಧಾರಾಳವಾಗಿ ಬರುತ್ತವೆ. ಆಗ ಆ ಸಣ್ಣ ಸಂದಿಯ ಗಾಳಿ ಲೆಕ್ಕಕ್ಕೇ ಇರುವುದಿಲ್ಲ. ಹೈವೇಯಲ್ಲಿ ಸುಮ್ನೆ ಓಡುವ ಗಾಡಿ ಸಿಗ್ನಲ್‌ನಲ್ಲಿ ಕೈಕೊಡುವುದು ಇದಕ್ಕೇ.

ಇದನ್ನು ಹಾಗೇ ಬಿಟ್ಟರೆ ಬರೀ ಐಡ್ಲಿಂಗ್ ಕೆಡುವುದಲ್ಲ. ತೆಳು ಮಿಶ್ರಣದಲ್ಲಿ ತುಂಬಾ ದಿನ ಓಡಿದ ಇಂಜಿನ್‌ನ ಬಿಸಿ ಏರುತ್ತದೆ, ವಾಲ್ವ್ ಸುಡುವ ಸಾಧ್ಯತೆ ಇರುತ್ತದೆ. ಇಪ್ಪತ್ತು ರೂಪಾಯಿಯ ಪೈಪ್ ಹೆಡ್ ಕೆಲಸಕ್ಕೆ ದಾರಿ ಮಾಡಬಾರದು ಅಲ್ವಾ?

ನಿಜವಾಗಿ ಲೀಕೇನಾ?

ಮೊದಲು ಬೇರೆ ಕಾರಣಗಳನ್ನು ತೆಗೆದುಹಾಕಿ. ಪ್ಲಗ್ ಗ್ಯಾಪ್, ಪಾಯಿಂಟ್ ಇರುವ ಗಾಡಿಯಾದರೆ ಪಾಯಿಂಟ್ ಗ್ಯಾಪ್, ಟೈಮಿಂಗ್, ಟ್ಯಾಪೆಟ್, ಏರ್ ಫಿಲ್ಟರ್. ಇವಿಷ್ಟು ಸರಿ ಇಲ್ಲದೆ ಲೀಕ್ ಹುಡುಕಲು ಹೊರಟರೆ ಸುಮ್ನೆ ಸಮಯ ಹಾಳು.

ಆಮೇಲೆ ಚೋಕ್ ಪರೀಕ್ಷೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಇಂಜಿನ್ ಪೂರ್ತಿ ಬಿಸಿಯಾಗಲಿ. ಕೆಟ್ಟ ಐಡ್ಲಿಂಗ್‌ನಲ್ಲಿ ಓಡುತ್ತಿರುವಾಗ ಚೋಕ್ ನಾಬ್ (ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಪಾಲು ಹೆಚ್ಚಿಸುವುದು) ನಿಧಾನವಾಗಿ, ಒಂದೊಂದೇ ಚೂರು ಎಳೆಯಿರಿ. ಆರೋಗ್ಯವಾಗಿರುವ ಬಿಸಿ ಇಂಜಿನ್ ಚೋಕ್ ಎಳೆದರೆ ಉಸಿರು ಕಟ್ಟಿದ ಹಾಗೆ ಆಗಿ ಕಪ್ಪು ಹೊಗೆ ಬಿಡುತ್ತದೆ. ಅದರ ಬದಲು ನಡುಕ ನಿಂತು ಇಂಜಿನ್ ನಯವಾಯಿತು ಅಂದರೆ ಅದಕ್ಕೆ ಪೆಟ್ರೋಲ್ ಸಾಲುತ್ತಿರಲಿಲ್ಲ ಅಂತ ಅರ್ಥ. ಹೀಗಾದರೆ ಕಾರಣ ಎರಡರಲ್ಲಿ ಒಂದು: ಹೊರಗಿನ ಗಾಳಿ ಸೇರುತ್ತಿದೆ, ಇಲ್ಲವೇ ಐಡ್ಲಿಂಗ್ ಜೆಟ್ (ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ತೂತು) ಕಟ್ಟಿಕೊಂಡಿದೆ. ಒಂದು ಎಚ್ಚರಿಕೆ: ಚೋಕ್ ಎಳೆದಾಗ ಲಿಂಕೇಜ್‌ನಿಂದ ಥ್ರಾಟಲ್ ಕೂಡ ಸ್ವಲ್ಪ ತೆರೆದು ಆರ್‌ಪಿಎಂ ಏರುತ್ತದೆ. ಹಾಗಾಗಿ ಆರ್‌ಪಿಎಂ ಏರಿತೋ ಇಲ್ಲವೋ ನೋಡಬೇಡಿ, ನಡುಕ ನಿಂತಿತೋ ಇಲ್ಲವೋ ನೋಡಿ.

ಮೂರೂ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟು ನೋಡಿ. ಇಟ್ಟಿಗೆ ಅಥವಾ ಬಿಸ್ಕತ್ತಿನ ಬಣ್ಣ ಇದ್ದರೆ ಚೆನ್ನ. ಮೂರೂ ಬೆಳ್ಳಗಿದ್ದರೆ ಲೀಕ್ ಎಲ್ಲ ಸಿಲಿಂಡರ್‌ಗೂ ಸಮಾನವಾದ ಜಾಗದಲ್ಲಿದೆ, ಅಂದರೆ ಕಾರ್ಬೊರೇಟರ್ ಬುಡದಲ್ಲಿ ಅಥವಾ ಯಾವುದೋ ಪೈಪ್‌ನಲ್ಲಿ. ಒಂದೇ ಒಂದು ಬೆಳ್ಳಗಿದ್ದರೆ ಆ ಸಿಲಿಂಡರ್‌ನ ಪಕ್ಕ, ಮ್ಯಾನಿಫೋಲ್ಡ್ ಹೆಡ್‌ಗೆ ಸೇರುವಲ್ಲಿ ಮೊದಲು ಹುಡುಕಿ. ಇಷ್ಟು ನೋಡಿದರೆ ಅರ್ಧ ಕೆಲಸ ಉಳಿಯುತ್ತದೆ.

ಇನ್ನೊಂದು ವಿಷಯ ಈಗ ಮರೆಯುವ ಹಾಗಿಲ್ಲ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲ್‌ಗೆ, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್‌ಗೆ, ಚಾಲನೆ ಕೊಟ್ಟರು. ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಇ20ಗೆ ಬೇಕಾದ ಗಾಳಿ ಸುಮಾರು 13.5 ಪಾಲು ಮಾತ್ರ. ಹೊಸ ಗಾಡಿಗಳ ಕಂಪ್ಯೂಟರ್ ಇದನ್ನು ತಾನೇ ಸರಿಮಾಡಿಕೊಳ್ಳುತ್ತದೆ. ನಮ್ಮ ಕಾರ್ಬೊರೇಟರ್‌ನ ಜೆಟ್ ಹಳೇ ಅಳತೆಯಲ್ಲೇ ಪೆಟ್ರೋಲ್ ಬಿಡುತ್ತದೆ, ಹಾಗಾಗಿ ಮಿಶ್ರಣ ಮೊದಲೇ ಒಂದು ಚೂರು ತೆಳುವಾಗಿರುತ್ತದೆ. ಹಿಂದೆ ಗೊತ್ತೇ ಆಗದಿದ್ದ ಸಣ್ಣ ಲೀಕ್ ಈಗ ಎದ್ದು ಕಾಣಬಹುದು. ಪೆಟ್ರೋಲ್ ಸರಿ ಇಲ್ಲ ಅಂತ ಅದನ್ನು ಬಿಟ್ಟುಬಿಡಬೇಡಿ, ಲೀಕನ್ನೂ ಹುಡುಕಿ.

ಕೈ ಹಾಕುವ ಮುಂಚೆ

ಗಾಡಿ ಬಯಲಲ್ಲಿ ನಿಲ್ಲಿಸಿ. ಶೆಡ್ ಬಾಗಿಲು ಹಾಕಿಕೊಂಡು ಇಂಜಿನ್ ಓಡಿಸಬೇಡಿ, ಎಕ್ಸಾಸ್ಟ್ ಹೊಗೆಯಲ್ಲಿ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಲುಂಗಿ, ದುಪಟ್ಟಾ, ಉದ್ದ ತೋಳು ಬೇಡ. ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ತಿರುಗಲು ಶುರುವಾಗುತ್ತದೆ. ಹತ್ತಿರದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ, ಇಲ್ಲದಿದ್ದರೆ ಒಂದು ಬಕೆಟ್ ಒಣ ಮರಳಾದರೂ ಇರಲಿ.

ಬೇಕಾದ ಸಾಮಾನು ಕಡಿಮೆಯೇ. ಟಾರ್ಚ್, ಸಣ್ಣ ಕನ್ನಡಿ, ನೀರಿನ ಸ್ಪ್ರೇ ಬಾಟಲಿ, ಎರಡಡಿ ಉದ್ದದ ರಬ್ಬರ್ ಪೈಪ್, ಬಟ್ಟೆ ಸುತ್ತಿದ ಪ್ಲೇಯರ್, ಮೆಡಿಕಲ್ ಶಾಪ್‌ನಲ್ಲಿ ಸಿಗುವ 50 ಎಂಎಲ್ ಸಿರಿಂಜ್, ಕೆಲವು ಸ್ಪ್ಯಾನರ್. ವ್ಯಾಕ್ಯೂಮ್ ಗೇಜ್ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ಕಣ್ಣು, ಕೈ, ಕಿವಿ

ಇಂಜಿನ್ ಆಫ್, ತಣ್ಣಗೆ. ಏರ್ ಫಿಲ್ಟರ್ ಡಬ್ಬಿ ಬಿಚ್ಚಿ ಪಕ್ಕಕ್ಕಿಡಿ. ಬಿಚ್ಚುವ ಮುಂಚೆ ಮೊಬೈಲ್‌ನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆದುಕೊಳ್ಳಿ, ಯಾವ ಪೈಪ್ ಎಲ್ಲಿಗೆ ಅನ್ನುವುದು ಸಂಜೆ ಹೊತ್ತಿಗೆ ನೆನಪಿರುವುದಿಲ್ಲ.

ಕಾರ್ಬೊರೇಟರ್‌ನಿಂದ, ಮ್ಯಾನಿಫೋಲ್ಡ್‌ನಿಂದ ಹೊರಡುವ ಪ್ರತಿಯೊಂದು ರಬ್ಬರ್ ಪೈಪ್‌ನ ಮೇಲೂ ಬೆರಳು ಓಡಿಸಿ. ನೋಡಿದರೆ ಸಾಲದು, ಬಗ್ಗಿಸಬೇಕು. ಮೂವತ್ತು ವರ್ಷ ಬಿಸಿಯಲ್ಲಿ ಕೂತ ಪೈಪ್ ಮೇಲ್ಗಡೆ ಚೆನ್ನಾಗಿಯೇ ಕಾಣುತ್ತದೆ. ಆದರೆ ನಿಪ್ಪಲ್‌ಗೆ (ಪೈಪ್ ಸಿಕ್ಕಿಸುವ ಸಣ್ಣ ಲೋಹದ ನಳಿಕೆಗೆ) ಕೂರುವ ಕೊನೆಯ ಅರ್ಧ ಇಂಚು, ಅದೂ ಕೆಳಗಿನ ಮಗ್ಗುಲು, ಒಣಗಿ ಗಟ್ಟಿಯಾಗಿರುತ್ತದೆ. ಅಲ್ಲಿ ಬೆರಳಿಂದ ಬಗ್ಗಿಸಿ ಟಾರ್ಚ್ ಹಿಡಿದರೆ ಬಿರುಕು ಮೀನಿನ ಬಾಯಿಯ ಹಾಗೆ ತೆರೆದುಕೊಳ್ಳುತ್ತದೆ. ಪೈಪ್ ಉದ್ದ ಇದ್ದರೆ ಆ ತುದಿಯನ್ನು ಕತ್ತರಿಸಿ ಮತ್ತೆ ಹಾಕಬಹುದು. ನಾನಾದರೆ ಪೂರ್ತಿ ಪೈಪನ್ನೇ ಬದಲಾಯಿಸುತ್ತೇನೆ, ಒಂದು ತುದಿ ಒಣಗಿದೆ ಅಂದರೆ ಇನ್ನೊಂದೂ ಅದೇ ವಯಸ್ಸಿನದು.

ಎಲ್ಲರೂ ಮರೆಯುವ ಜಾಗ ಒಂದಿದೆ: ಉಪಯೋಗದಲ್ಲಿ ಇಲ್ಲದ ನಿಪ್ಪಲ್‌ಗೆ ಹಾಕಿದ ರಬ್ಬರ್ ಟೋಪಿ. ಎಸಿ ತೆಗೆಸಿದ ಗಾಡಿಗಳಲ್ಲಿ ಇದು ಇದ್ದೇ ಇರುತ್ತದೆ. ನನ್ನ ಗೆಳೆಯನೊಬ್ಬನ ಗಾಡಿಯಲ್ಲಿ ಎಲ್ಲ ಪೈಪ್ ಹೊಸದು, ಪ್ಯಾಕಿಂಗ್ ಹೊಸದು, ಆದರೂ ನಡುಕ. ಮ್ಯಾನಿಫೋಲ್ಡ್ ಹಿಂದೆ ಕೈ ಹಾಕಿ ತಡವಿದಾಗ ಕಡ್ಲೆಕಾಳಿನಷ್ಟು ದೊಡ್ಡ ಟೋಪಿಯೊಂದು ಕೈಯಲ್ಲೇ ಪುಡಿಯಾಯಿತು.

ಈಗ ಇಂಜಿನ್ ಸ್ಟಾರ್ಟ್ ಮಾಡಿ. ಎರಡಡಿ ಪೈಪ್‌ನ ಒಂದು ತುದಿ ಕಿವಿಗೆ ಹಿಡಿದು, ಇನ್ನೊಂದು ತುದಿಯನ್ನು ಬೆಲ್ಟ್, ಫ್ಯಾನ್ ಕಡೆಗೆ ಹೋಗದ ಹಾಗೆ ನಿಧಾನವಾಗಿ ಓಡಿಸಿ. ದೊಡ್ಡ ಲೀಕ್ ಆದರೆ ಕುಕ್ಕರ್ ವಿಸಿಲ್ ಬರುವ ಮುಂಚೆ ಕೇಳಿಸುವ "ಸ್ಸ್" ಶಬ್ದ ಬರುತ್ತದೆ. ಕಾರ್ಬೊರೇಟರ್ ಬಾಯಿಯ ಹತ್ತಿರ ಇದೇ ಶಬ್ದ ಸಹಜವಾಗಿ ಇರುತ್ತದೆ, ಅದಕ್ಕೆ ಮೋಸ ಹೋಗಬೇಡಿ.

ಒಂದೊಂದೇ ಪೈಪ್ ಹಿಸುಕುವುದು

ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ, ಬಟ್ಟೆ ಸುತ್ತಿದ ಪ್ಲೇಯರ್‌ನಿಂದ ಒಂದು ಪೈಪನ್ನು ಮ್ಯಾನಿಫೋಲ್ಡ್‌ಗೆ ಹತ್ತಿರದಲ್ಲಿ ಹಿಸುಕಿ ಹಿಡಿಯಿರಿ. ಇಂಜಿನ್ ಸರಿಹೋಯಿತಾ? ಹಾಗಾದರೆ ಆ ಪೈಪ್‌ನಲ್ಲೋ ಅದರ ಆಚೆ ತುದಿಯ ಸಾಮಾನಿನಲ್ಲೋ ಲೀಕ್ ಇದೆ. ಏನೂ ಬದಲಾಗಲಿಲ್ಲವಾ, ಮುಂದಿನ ಪೈಪ್. ಪೈಪ್ ತೀರಾ ಗಟ್ಟಿಯಾಗಿದ್ದರೆ ಹಿಸುಕಬೇಡಿ, ಮುರಿಯುತ್ತದೆ. ಬಿಚ್ಚಿ ನಿಪ್ಪಲ್ ಬಾಯಿಯನ್ನು ಬೆರಳಿಂದ ಮುಚ್ಚಿ ನೋಡಿ.

ಪಿಸಿವಿ ಪೈಪ್ (ಇಂಜಿನ್‌ನ ಆಯಿಲ್ ಭಾಗದ ಆವಿಯನ್ನು ಒಂದು ವಾಲ್ವ್ ಮೂಲಕ ಮ್ಯಾನಿಫೋಲ್ಡ್‌ಗೆ ಎಳೆಯುವ ಪೈಪ್) ಹಿಸುಕಿದರೆ ಆರ್‌ಪಿಎಂ ಸ್ವಲ್ಪ ಇಳಿಯುವುದು ಸಹಜ. ತುಂಬಾ ಬದಲಾದರೆ ವಾಲ್ವ್ ತೆರೆದೇ ಕೂತಿದೆ. ಅದನ್ನು ಬಿಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕಟಕಟ ಅನ್ನಬೇಕು.

ನಿಮ್ಮ ಗಾಡಿಗೆ ಬ್ರೇಕ್ ಬೂಸ್ಟರ್ (ವ್ಯಾಕ್ಯೂಮ್ ಬಳಸಿ ಬ್ರೇಕ್ ಹಗುರ ಮಾಡುವ ಡಬ್ಬಿ) ಇದ್ದರೆ ಅದನ್ನು ಬೇರೆಯಾಗಿ ನೋಡಲೇಬೇಕು, ಇದು ಬರೀ ಐಡ್ಲಿಂಗ್ ವಿಷಯ ಅಲ್ಲ, ಜೀವದ ವಿಷಯ. ಇಂಜಿನ್ ಆಫ್ ಮಾಡಿ ಬ್ರೇಕ್ ಪೆಡಲನ್ನು ಐದಾರು ಸಲ ಒತ್ತಿ, ಗಟ್ಟಿಯಾಗುತ್ತದೆ. ಕಾಲು ಹಾಗೇ ಇಟ್ಟುಕೊಂಡು ಸ್ಟಾರ್ಟ್ ಮಾಡಿ. ಪೆಡಲ್ ಒಂದು ಚೂರು ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಬೂಸ್ಟರ್‌ಗೆ ವ್ಯಾಕ್ಯೂಮ್ ಹೋಗುತ್ತಿಲ್ಲ, ಅಥವಾ ಒಳಗಿನ ಡಯಾಫ್ರಮ್ ಹರಿದಿದೆ. ಬ್ರೇಕ್ ಒತ್ತಿದಾಗ ಮಾತ್ರ ಇಂಜಿನ್ ಆಫ್ ಆಗುತ್ತಿದ್ದರೆ ಅನುಮಾನ ನೇರ ಡಯಾಫ್ರಮ್ ಮೇಲೆಯೇ. ಪೈಪ್‌ನಲ್ಲಿರುವ ಚೆಕ್ ವಾಲ್ವ್ ಒಂದೇ ದಿಕ್ಕಿಗೆ ಗಾಳಿ ಬಿಡಬೇಕು, ಬಾಯಿಂದ ಊದಿದರೆ ಗೊತ್ತಾಗುತ್ತದೆ.

ಸಿರಿಂಜ್ ಕೆಲಸ ಇಲ್ಲಿ ಬರುತ್ತದೆ. ಡಿಸ್ಟ್ರಿಬ್ಯೂಟರ್‌ನ ಅಡ್ವಾನ್ಸ್ ಡಯಾಫ್ರಮ್‌ಗೆ (ವ್ಯಾಕ್ಯೂಮ್ ಎಳೆದಾಗ ಕಿಡಿಯ ಟೈಮಿಂಗ್ ಮುಂದೂಡದೆ ಬೇಗ ಮಾಡುವ ರಬ್ಬರ್ ಪೊರೆಗೆ) ಹೋಗುವ ಪೈಪನ್ನು ಕಾರ್ಬೊರೇಟರ್ ಕಡೆ ಬಿಚ್ಚಿ, ಸಿರಿಂಜ್ ತೂರಿಸಿ ಎಳೆದು ಹಿಡಿದುಕೊಳ್ಳಿ. ಹಿಡಿ ಸಡಿಲ ಮಾಡಿದರೆ ತನ್ನಷ್ಟಕ್ಕೆ ವಾಪಸ್ ಹೋಗಲು ನೋಡಬೇಕು. ಎಳೆದಲ್ಲೇ ಸತ್ತ ಹಾಗೆ ನಿಂತರೆ ಡಯಾಫ್ರಮ್ ತೂತು. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ನೋಡಿದರೆ, ಎಳೆದಾಗ ಒಳಗಿನ ತಟ್ಟೆ ಸರಿಯುವುದೂ ಕಾಣುತ್ತದೆ. ಹೆಚ್ಚಿನ ಕಾರ್ಬೊರೇಟರ್‌ಗಳಲ್ಲಿ ಈ ಪೈಪ್‌ನ ತೂತು ಥ್ರಾಟಲ್ ತಟ್ಟೆಯ ಮೇಲ್ಗಡೆ ಇರುತ್ತದೆ, ಹಾಗಾಗಿ ಇದು ಲೀಕ್ ಆದರೆ ಐಡ್ಲಿಂಗ್‌ಗಿಂತ ಪಿಕಪ್, ಮೈಲೇಜ್ ಕೆಡುವುದೇ ಜಾಸ್ತಿ. ಎಸಿ ಇರುವ ಗಾಡಿಯಲ್ಲಿ ಐಡ್ಲಿಂಗ್ ಏರಿಸುವ ಡಯಾಫ್ರಮ್, ಚೋಕ್‌ನ ಡಯಾಫ್ರಮ್, ಎಲ್ಲಕ್ಕೂ ಇದೇ ಸಿರಿಂಜ್ ಸಾಕು.

ನೀರು ಸ್ಪ್ರೇ

ಪೈಪ್ ಎಲ್ಲ ಸರಿ ಇದೆ, ಆದರೂ ನಡುಕ ಇದೆ ಅಂದರೆ ಉಳಿದದ್ದು ಮೂರು ಜಾಗ: ಕಾರ್ಬೊರೇಟರ್ ಬುಡ, ಮ್ಯಾನಿಫೋಲ್ಡ್ ಮತ್ತು ಹೆಡ್ ನಡುವಿನ ಗ್ಯಾಸ್ಕೆಟ್, ಥ್ರಾಟಲ್ ಶಾಫ್ಟ್‌ನ ಎರಡು ತುದಿ.

ಗ್ಯಾರೇಜ್‌ಗಳಲ್ಲಿ ಇದಕ್ಕೆ ಕಾರ್ಬೊರೇಟರ್ ಕ್ಲೀನರ್ ಹೊಡೆಯುತ್ತಾರೆ, ಕೆಲವರು ಪೆಟ್ರೋಲ್ ಕೂಡ ಹಾಕುತ್ತಾರೆ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ, ಕಿಡಿ ಹಾರುವ ಹಳೇ ಪ್ಲಗ್ ವೈರ್‌ಗಳ ನಡುವೆ ಪೆಟ್ರೋಲ್ ಚೆಲ್ಲುವುದನ್ನು ದಯವಿಟ್ಟು ಮಾಡಬೇಡಿ. ನೀರಿನಲ್ಲೇ ಹತ್ತಕ್ಕೆ ಒಂಬತ್ತು ಸಲ ಕೆಲಸ ಆಗುತ್ತದೆ.

ಬಾಟಲಿಯ ಮೂತಿಯನ್ನು ಮಂಜಿನ ಹಾಗೆ ಬೀಳುವಷ್ಟು ಬಿಗಿ ಮಾಡಿ. ಡಿಸ್ಟ್ರಿಬ್ಯೂಟರ್, ಕಾಯಿಲ್, ಪ್ಲಗ್ ವೈರ್ ಮೇಲೆ ಒಣ ಬಟ್ಟೆ ಹೊದಿಸಿ, ಅಲ್ಲಿ ನೀರು ಬಿದ್ದು ಮಿಸ್ಸಿಂಗ್ ಆದರೆ ಅದನ್ನೇ ಲೀಕ್ ಅಂತ ತಿಳಿದುಕೊಂಡುಬಿಡುತ್ತೀರಿ. ಕೆಳಗಿನಿಂದ ಶುರು ಮಾಡಿ. ಒಂದು ಜಾಗ, ಎರಡು ಸಲ ಒತ್ತು, ಐದು ಸೆಕೆಂಡ್ ಕಾಯಿರಿ. ಆಮೇಲೆ ಒಂದು ಇಂಚು ಪಕ್ಕಕ್ಕೆ. ಅವಸರ ಮಾಡಿದರೆ ಹರಿದ ನೀರು ಎಲ್ಲಿ ಸೇರಿತು ಅಂತ ತಿಳಿಯುವುದಿಲ್ಲ. ಲೀಕ್ ಇರುವ ಜಾಗಕ್ಕೆ ನೀರು ತಾಗಿದಾಗ ಅದು ಒಂದು ಗಳಿಗೆ ಸಂದಿಯನ್ನು ಮುಚ್ಚುತ್ತದೆ. ಆಗ ಇಂಜಿನ್ ಶಬ್ದ ಬದಲಾಗುತ್ತದೆ.

ನಮ್ಮ ಗಾಡಿಯಲ್ಲಿ ಆದದ್ದು ಹೀಗೆ. ಕಾರ್ಬೊರೇಟರ್ ಮತ್ತು ಮ್ಯಾನಿಫೋಲ್ಡ್ ನಡುವೆ ಬಿಸಿ ತಡೆಯಲು ಒಂದು ಕಪ್ಪು ಇನ್ಸುಲೇಟರ್ ಬ್ಲಾಕ್ ಇರುತ್ತದೆ, ಅದರ ಮೇಲೊಂದು ಕೆಳಗೊಂದು ಪ್ಯಾಕಿಂಗ್. ಮುಂದಿನ ಮಗ್ಗುಲಿಗೆ ಹೊಡೆದಾಗ ಏನೂ ಇಲ್ಲ. ಹಿಂದಿನ ಮೂಲೆಗೆ, ಕನ್ನಡಿ ಹಿಡಿದು ನೋಡುತ್ತಾ ಹೊಡೆದೆ. ಹನಿಗಳು ಅಂಚಿನಲ್ಲಿ ಒಂದು ಕ್ಷಣ ನಿಂತವು, ಆಮೇಲೆ ಸುರ್ ಅಂತ ಒಳಗೆ ಮಾಯವಾದವು. ಏಳು ತಿಂಗಳ ನಡುಕ ಎರಡು ಸೆಕೆಂಡ್ ನಿಂತಿತು. ಮತ್ತೆ ಶುರುವಾಯಿತು. ಇನ್ನೊಮ್ಮೆ ಹೊಡೆದೆ, ಮತ್ತೆ ನಿಂತಿತು. ಹೀಗೆ ಮೂರು ಸಲ ಅದೇ ಜಾಗದಲ್ಲಿ ಅದೇ ಉತ್ತರ ಬಂದರೆ ಮಾತ್ರ ನಂಬಿ.

ಇಂಜಿನ್ ತಣ್ಣಗಿದ್ದಾಗ ಒಮ್ಮೆ, ಬಿಸಿಯಾದ ಮೇಲೆ ಒಮ್ಮೆ ಮಾಡಿ. ಲೋಹ ಹಿಗ್ಗುವುದರಿಂದ ಕೆಲವು ಸಂದಿ ಬಿಸಿಯಲ್ಲಿ ಮುಚ್ಚುತ್ತವೆ, ಕೆಲವು ತೆರೆಯುತ್ತವೆ.

ಊದುಬತ್ತಿ ಹೊಗೆ ಹಿಡಿದು ನೋಡುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಪೆಟ್ರೋಲ್ ಆವಿ ಇರುವ ಜಾಗದಲ್ಲಿ ಕೆಂಡ ಹಿಡಿಯುವುದು ಬೇಡವೇ ಬೇಡ. ಹೊಗೆಯಲ್ಲೇ ನೋಡಬೇಕು ಅಂದರೆ ಸ್ಮೋಕ್ ಟೆಸ್ಟ್ ಮಷಿನ್ ಇರುವ ಗ್ಯಾರೇಜ್‌ಗೆ ಹೋಗಿ.

ಗೇಜ್ ಇದ್ದರೆ

ಮ್ಯಾನಿಫೋಲ್ಡ್‌ನ ನೇರ ನಿಪ್ಪಲ್‌ಗೆ ಸೇರಿಸಿ. ಪುಸ್ತಕಗಳಲ್ಲಿ ಐಡ್ಲಿಂಗ್‌ಗೆ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ ವ್ಯಾಕ್ಯೂಮ್) ಅಂತ ಇರುತ್ತದೆ. ಆ ಲೆಕ್ಕ ಸಮುದ್ರ ಮಟ್ಟಕ್ಕೆ. ಪ್ರತಿ 1000 ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಡಿಮೆ ಮಾಡಿಕೊಳ್ಳಬೇಕು. ಬೆಂಗಳೂರು ಇರುವುದು ಸುಮಾರು 3000 ಅಡಿ ಎತ್ತರದಲ್ಲಿ. ಹಾಗಾಗಿ ಮಂಗಳೂರಿನಲ್ಲಿ 19 ತೋರಿಸುವ ಗಾಡಿ ಬೆಂಗಳೂರಿನಲ್ಲಿ 16 ತೋರಿಸಿದರೆ ಅದು ಲೀಕ್ ಅಲ್ಲ. ಇದು ಗೊತ್ತಿಲ್ಲದೆ ಒಳ್ಳೇ ಇಂಜಿನ್ ಬಿಚ್ಚಿದವರಿದ್ದಾರೆ. ಮುಳ್ಳು ಒಂದೇ ಕಡೆ ತೀರಾ ಕೆಳಗೆ ನಿಂತಿದ್ದರೆ ಲೀಕ್ ಅಥವಾ ತಡವಾದ ಟೈಮಿಂಗ್. ಒಂದೇ ತಾಳದಲ್ಲಿ ಟಕ್ ಟಕ್ ಅಂತ ಬೀಳುತ್ತಿದ್ದರೆ ವಾಲ್ವ್ ಕಡೆ ನೋಡಿ. ಮೂರು ಸಿಲಿಂಡರ್ ಇಂಜಿನ್‌ನಲ್ಲಿ ಮುಳ್ಳು ಸ್ವಲ್ಪ ನಡುಗುವುದು ಸಹಜ.

ಸರಿಮಾಡುವುದು

ಪೈಪ್ ತರುವಾಗ ಹಳೆಯದರ ತುಂಡು ಜೇಬಲ್ಲಿ ಇಟ್ಟುಕೊಂಡು ಹೋಗಿ, ಒಳಗಿನ ಅಳತೆ ಮುಖ್ಯ. ಬೆಂಗಳೂರಲ್ಲಿದ್ದರೆ ಜೆ.ಸಿ. ರಸ್ತೆಯಲ್ಲಿ ಒಂದು ಬೆಳಗ್ಗೆ ಓಡಾಡಿದರೆ 800ರ ಸಾಮಾನು ಸಿಗುತ್ತದೆ. ಅಕ್ವೇರಿಯಂನ ಪಾರದರ್ಶಕ ಪೈಪ್ ಹಾಕಬೇಡಿ. ಬಿಸಿಗೆ ಮೆತ್ತಗಾಗಿ ವ್ಯಾಕ್ಯೂಮ್‌ಗೆ ಚಪ್ಪಟೆಯಾಗುತ್ತದೆ.

ಕಾರ್ಬೊರೇಟರ್ ಬುಡದ ಲೀಕ್ ಆದರೆ ಬರೀ ಪ್ಯಾಕಿಂಗ್ ಬದಲಾಯಿಸಿ ಮುಗಿಸಬೇಡಿ. ನಮ್ಮ ಗಾಡಿಗೆ ಎರಡು ಸಲ ಹೊಸ ಪ್ಯಾಕಿಂಗ್ ಬಿದ್ದಿತ್ತು. ಬಿಚ್ಚಿ ನೋಡಿದಾಗ ಪ್ಯಾಕಿಂಗ್ ಮೇಲೆ ಎಲ್ಲ ಕಡೆ ಬ್ಲಾಕ್‌ನ ಅಚ್ಚು ಮೂಡಿತ್ತು, ಹಿಂದಿನ ಮೂಲೆಯಲ್ಲಿ ಮಾತ್ರ ಉಗುರಿನಷ್ಟು ಜಾಗ ಹೊಸದರ ಹಾಗೇ ಇತ್ತು. ಅಲ್ಲಿ ಒತ್ತಡವೇ ಬಿದ್ದಿರಲಿಲ್ಲ. ಬ್ಲಾಕನ್ನು ಗಾಜಿನ ಮೇಲಿಟ್ಟರೆ ತೊಟ್ಟಿಲ ಹಾಗೆ ಅಲ್ಲಾಡಿತು. ಯಾರೋ ಯಾವಾಗಲೋ ನಟ್ ವಿಪರೀತ ಬಿಗಿದು ಅದು ಬಾಗಿತ್ತು. ಸ್ವಲ್ಪ ಬಾಗಿದ್ದರೆ ದಪ್ಪ ಗಾಜಿನ ಮೇಲೆ 400 ನಂಬರ್ ಮರಳು ಕಾಗದ ಇಟ್ಟು, ಎಂಟರ ಆಕಾರದಲ್ಲಿ ಉಜ್ಜಿ ಮಟ್ಟ ಮಾಡಬಹುದು. ಜಾಸ್ತಿ ಇದ್ದರೆ ಹೊಸದೇ ತನ್ನಿ. ಕಾರ್ಬೊರೇಟರ್‌ನ ತಳವನ್ನೂ ಸ್ಕೇಲ್ ಇಟ್ಟು ನೋಡಿ.

ಸಿಲಿಕಾನ್ ಪೇಸ್ಟ್ ಮೆತ್ತಬೇಡಿ. ಸಾಮಾನ್ಯ ಸಿಲಿಕಾನ್ ಪೆಟ್ರೋಲ್ ತಾಗಿ ಉಬ್ಬಿ, ಚೂರುಚೂರಾಗಿ ಒಳಗೆ ಹೋಗುತ್ತದೆ. ಪ್ಯಾಕಿಂಗ್‌ಗೆ ಏನೂ ಹಚ್ಚದೆ ಹಾಗೇ ಕೂರಿಸಿ. ನಟ್‌ಗಳನ್ನು ಮೊದಲು ಕೈಯಲ್ಲಿ, ಆಮೇಲೆ ಗಿಡ್ಡ ಸ್ಪ್ಯಾನರ್‌ನಲ್ಲಿ, ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಉದ್ದ ಹಿಡಿಯ ಪಾನಾ ಇಲ್ಲಿ ಬೇಡ.

ಥ್ರಾಟಲ್ ಶಾಫ್ಟ್ ಸವೆದಿದ್ದರೆ ಅದು ಮನೆಯಲ್ಲಿ ಆಗುವ ಕೆಲಸ ಅಲ್ಲ. ಶಾಫ್ಟನ್ನು ಬೆರಳಲ್ಲಿ ಮೇಲೆ ಕೆಳಗೆ ಅಲ್ಲಾಡಿಸಿ, ಎದ್ದು ಕಾಣುವಷ್ಟು ಆಟ ಇದ್ದರೆ ಲೇತ್‌ನಲ್ಲಿ ಬುಷ್ ಹಾಕಿಸಬೇಕು.

ಈಗ ಸ್ಕ್ರೂ ಮುಟ್ಟಬಹುದು

ಲೀಕ್ ಮುಚ್ಚಿದ ಮೇಲೆ ಸ್ಟಾರ್ಟ್ ಮಾಡಿದರೆ ಇಂಜಿನ್ ಜೋರಾಗಿ ಕೂಗಬಹುದು, ಗಾಬರಿ ಬೇಡ. ಲೀಕ್ ಮರೆಸಲು ಹಿಂದೆ ಏರಿಸಿದ ಸ್ಕ್ರೂಗಳೆಲ್ಲ ಹಾಗೇ ಇವೆಯಲ್ಲ. ಬಿಸಿಯಾಗಲು ಬಿಡಿ. ಐಡ್ಲಿಂಗ್ ಸ್ಕ್ರೂ ಇಳಿಸಿ ಸುಮಾರು 900 ಆರ್‌ಪಿಎಂಗೆ ತನ್ನಿ. ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಕಾಲು ಸುತ್ತು ತಿರುಗಿಸುತ್ತಾ ಇಂಜಿನ್ ಅತಿ ಹೆಚ್ಚು ವೇಗದಲ್ಲಿ, ನಯವಾಗಿ ಓಡುವ ಜಾಗ ಹುಡುಕಿ. ಗೇಜ್ ಇದ್ದರೆ ಮುಳ್ಳು ಅತಿ ಮೇಲೆ ನಿಲ್ಲುವ ಜಾಗ ಅದೇ. ಮತ್ತೆ ಐಡ್ಲಿಂಗ್ 900ಕ್ಕೆ. ಎರಡು ಮೂರು ಸಲ ಹೀಗೆ ಮಾಡಿದರೆ ಕೂರುತ್ತದೆ. ಮಿಕ್ಸ್ಚರ್ ಸ್ಕ್ರೂ ತಿರುಗಿಸಿದರೂ ಇಂಜಿನ್‌ಗೆ ಗೊತ್ತೇ ಆಗುತ್ತಿಲ್ಲ ಅಂದರೆ ಐಡ್ಲಿಂಗ್ ಜೆಟ್ ಕಟ್ಟಿಕೊಂಡಿದೆ, ಅಥವಾ ಇನ್ನೊಂದು ಲೀಕ್ ಉಳಿದಿದೆ. ಸ್ಪ್ರೇ ಬಾಟಲಿ ಮತ್ತೆ ತೆಗೆಯಿರಿ.

ನೂರು ಕಿಲೋಮೀಟರ್ ಓಡಿಸಿದ ಮೇಲೆ ಇಂಜಿನ್ ತಣ್ಣಗಿರುವಾಗ ನಟ್‌ಗಳನ್ನು ಇನ್ನೊಮ್ಮೆ ನೋಡಿ, ಹೊಸ ಪ್ಯಾಕಿಂಗ್ ಬಿಸಿಗೆ ಸ್ವಲ್ಪ ಕೂರುತ್ತದೆ. ನಮ್ಮ ಗಾಡಿಯಲ್ಲಿ ಹಿಂದಿನ ಮೂಲೆಯ ನಟ್ ಕಾಲು ಸುತ್ತು ತಿರುಗಿತು.